ರೇವವ್ವನ ಅಂಗೈಯಲ್ಲಿ ಮಗಳ ಲಿಂಗ

ಕುಬಿಹಾಳದ ರೇವವ್ವ ಬೆಳಗಿನ ಲಿಂಗಪೂಜೆ ತಪ್ಪಿಸಿದವರಲ್ಲ. ಮಿಂದು, ವಿಭೂತಿ ಧರಿಸಿ, ಕೊರಳ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ನೋಡುತ್ತ ಕೂರುವರು. ಮೊದಲು ಉಸಿರು ನಿಧಾನವಾಗುತ್ತದೆ, ಆಮೇಲೆ ಮನಸ್ಸು ನಿಲ್ಲುತ್ತದೆ. ಮದುವೆಯಾಗದೆ ಮನೆಯಲ್ಲೇ ಇದ್ದ ಮಗಳು ದಾನೇಶ್ವರಿಯೂ ಪಕ್ಕದಲ್ಲಿ ಕೂರುತ್ತಿದ್ದಳು.

ಕಳೆದ ಶ್ರಾವಣದಲ್ಲಿ ದಾನೇಶ್ವರಿ ತಲೆನೋವೆಂದು ಕುಸಿದುಬಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗೆ ಒಯ್ಯುವ ಮುಂಚೆ ಮೈಮೇಲಿನ ಬೆಳ್ಳಿ, ಬಂಗಾರ ತೆಗೆಯಲು ಹೇಳಿದರು. ಲಿಂಗವನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ರೇವವ್ವ ಮಗಳ ಕರಡಿಗೆಯನ್ನೂ ತಮ್ಮ ಕೊರಳಿಗೇ ಹಾಕಿಕೊಂಡರು. ಎರಡು ಕರಡಿಗೆಗಳೂ ಕುಂದಗೋಳದ ಒಬ್ಬನೇ ಅಕ್ಕಸಾಲಿ ಪತ್ತಾರ ಮಾಡಿದವು, ನೋಡಲು ಒಂದೇ ಥರ. ಸಂಜೆಗೆ ಮಗಳು ತೀರಿಕೊಂಡಳು.

ಮರುದಿನ ಹೊಲದಲ್ಲಿ ಕುಣಿಯೊಳಗೆ ಮಗಳನ್ನು ಕೂರಿಸಿ, ಅಂತ್ಯಕ್ರಿಯೆಗೆ ಬಂದ ಮಠದ ಅಯ್ಯನವರು ಅವಳ ಅಂಗೈಗಿಡಲು ಲಿಂಗ ಕೇಳಿದರು. ಕೊರಳಿಗೆ ಕೈಹಾಕಿದಾಗ ಸಿಕ್ಕ ಕರಡಿಗೆಯನ್ನು ರೇವವ್ವ ಬಿಚ್ಚಿಕೊಟ್ಟರು. ಅದರ ಲಿಂಗ ಮಗಳ ಅಂಗೈ ಸೇರಿತು. ಮಣ್ಣು ಮುಚ್ಚಿದರು.

ಮನೆಗೆ ಬಂದು ಪೂಜೆಗೆ ಕೂತಾಗ ತೂಕದಲ್ಲೇ ಗೊತ್ತಾಯಿತು. ಅಂಗೈಯಲ್ಲಿದ್ದದ್ದು ದಾನೇಶ್ವರಿಯದು. ತಮ್ಮದು ಮಣ್ಣಿನಲ್ಲಿತ್ತು. ಲಿಂಗ ಕಳೆದುಕೊಂಡವರಿಗೆ ಬದುಕಿಲ್ಲ ಎಂದು ನಂಬಿ ಬೆಳೆದವರು ಅವರು.

"ಎರಡೂ ಕೊಳ್ಳಾಗ ಹಾಕ್ಕೊಂಡ್ರ ಹಿಂಗ ಆಗೂದಬೇ," ಎಂದಳು ಸುದ್ದಿ ತಿಳಿದು ಬಂದ ನೆರೆಮನೆಯ ಸಣ್ಣವ್ವ.

"ನೀ ಸುಮ್ನಿರಬೇ, ಎಲ್ಲಾ ತಿಳದಾಕಿ!" ಎಂದು ಅವಳನ್ನು ಗದರಿದ ಮೈದುನ ಸುಭಾಸ, "ವೈನಿ, ಕುಣಿ ತಗಸೂಣೇನ್ರಿ?" ಎಂದು ಕೇಳಿದ.

"ಬ್ಯಾಡೋ. ಕುಂತಾಕಿನ್ನ ಎಬ್ಬಸಬ್ಯಾಡ."

ಅಯ್ಯನವರು ಬೇರೆ ದಾರಿ ಹೇಳಿದರು. "ಹೊಸಾದು ಕಟ್ತೀನವ್ವ. ಇದನ್ನ ಹೊಳಿಗೆ ಬಿಡೂಣು."

ರೇವವ್ವ ಮುಷ್ಟಿ ಬಿಗಿಹಿಡಿದರು. "ಸ್ವಲ್ಪ ದಿನಾ ತಡೀರಿ."

ತಡೆದದ್ದು ಏಕೆಂದು ಅವರಿಗೆ ಗೊತ್ತಿತ್ತು. ಆ ಲಿಂಗವನ್ನು ದಿಟ್ಟಿಸಿದರೆ ದಾನೇಶ್ವರಿಯ ಮುಖ ಕಾಣುತ್ತಿತ್ತು. ಕಣ್ಣಿಗೆ ನೀರು ತುಂಬಿ ಲಿಂಗ ಮಸುಕಾಗುತ್ತಿತ್ತು. ಅದು ಪೂಜೆಯಲ್ಲ ಎಂದು ತಿಳಿದೂ ಕೂರುತ್ತಿದ್ದರು. "ಶಿವಾ, ನಿನ್ನ ನೋಡಾಕ ಕುಂತಿಲ್ಲ ನಾ, ಸಿಟ್ಟಾಗಬ್ಯಾಡ," ಎಂದು ಬಾಯಿಬಿಟ್ಟೇ ಹೇಳುತ್ತಿದ್ದರು. ಚಳಿಗಾಲ ಬಂತು, ಹೊಲದಲ್ಲಿ ಜೋಳ ತೆನೆಕಟ್ಟಿತು. ಮನಸ್ಸು ಒಮ್ಮೆಯೂ ನಿಲ್ಲಲಿಲ್ಲ.

ಸಂಕ್ರಮಣದ ಆಸುಪಾಸು, ಒಂದು ಬೆಳಗ್ಗೆ ಮನಸ್ಸು ನಿಂತಿತು. ಅಂಗೈಯಲ್ಲಿ ಕಪ್ಪು ಲಿಂಗ, ಅದರ ಮೇಲೆ ಕಿಟಕಿಯ ಬೆಳಕು, ಬೇರೇನಿಲ್ಲ. ಎಷ್ಟು ಹೊತ್ತು ಕೂತಿದ್ದರೋ. ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆಗೆ ಸುಭಾಸ ಒಳಗೆ ಬಂದಾಗ ಅತ್ತಿಗೆ ಬಿಕ್ಕುತ್ತಿದ್ದರು.

"ಯಾಕ್ರಿ ವೈನಿ?"

"ಇವತ್ತ ಮನಸ ನಿಂತತೋ. ಆಕಿ ಬರಲಿಲ್ಲ."

ಸುಭಾಸ ಸುಟ್ಟ ಪಾತ್ರೆ ಕೆಳಗಿಳಿಸಿದ. ಮರುದಿನವೂ ಲಿಂಗದಲ್ಲಿ ಮಗಳ ಮುಖ ಕಾಣಲಿಲ್ಲ. ಹೊಸ ಲಿಂಗ ಬೇಡವೆಂದು ರೇವವ್ವ ಅಯ್ಯನವರಿಗೆ ಹೇಳಿಕಳಿಸಿದರು. ಈಗ ಕೈಯಲ್ಲಿರುವುದು ಶಿವನೇ ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಂತೋಷವಿರಲಿಲ್ಲ.