ಕಲ್ಲಿನ ಪುಸ್ತಕಕ್ಕೆ ಜಂಬಕ್ಕನ ಕಿವಿ

ಬೆಳಗಿನ ಐದೂಮುಕ್ಕಾಲು. ಕಡ್ಡಿರಾಂಪುರದ ಹಿಂದಿನ ಗುಡ್ಡದಲ್ಲಿ ಎರಡಾಳೆತ್ತರದ ಬಂಡೆಯೊಂದನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು, ಜಂಬಕ್ಕ ಸೊಂಟದಿಂದ ಸಣ್ಣ ಸುತ್ತಿಗೆ ತೆಗೆಯುತ್ತಾರೆ. ಬಲಗಿವಿಯನ್ನು ಕಲ್ಲಿಗೆ ಹತ್ತಿರ ಮಾಡಿ ಒಂದು ಪೆಟ್ಟು. ಟಣ್. ಒಂದಡಿ ಸರಿದು ಇನ್ನೊಂದು. ಟಣ್. ಮೂರನೆಯದಕ್ಕೆ ಅವರ ಕಿವಿಗೆ ದನಿ ಬದಲಾಗುತ್ತದೆ. ಡಬ್.

"ಕೇಳಿಸ್ತೇನ್ರಿ? ಇಲ್ಲಿ ಒಳಗ ಚಕ್ಕೆ ಬಿಟ್ಟೈತಿ. ಹಿಡಿದು ಜೋತುಬಿದ್ರ ಕಲ್ಲು ಕೈಗ ಬರ್ತೈತಿ, ಮನುಷ್ಯಾ ನೆಲಕ್ಕ ಹೋಗ್ತಾನ" ಎನ್ನುತ್ತಾರೆ.

ಪತ್ರಿಕೆಗೆ ಬರೆಯಲು ಬಂದ ನನಗೆ ವ್ಯತ್ಯಾಸವೇನೂ ಕೇಳಿಸಿಲ್ಲ. ಸಂತೆಯಲ್ಲಿ ಗಡಿಗೆ ಬಡಿದು ನೋಡಿ ತಂದರೂ ಮನೆಗೆ ಬಂದ ಮೇಲೆ ಸೋರುವ ಗಡಿಗೆಯೇ ನನ್ನ ಪಾಲಿಗೆ ಬರುವುದು. ಆದರೂ ತಲೆಯಾಡಿಸುತ್ತೇನೆ. ಜಂಬಕ್ಕ ಬಗಲಲ್ಲಿದ್ದ ಪುಸ್ತಕ ಬಿಚ್ಚಿ, ಅದೇ ಬಂಡೆಯ ಚಿತ್ರ ಹುಡುಕಿ, ಡಬ್ ಎಂದ ಜಾಗಕ್ಕೆ ಇದ್ದಿಲಿನಿಂದ ಗೀಟು ಎಳೆಯುತ್ತಾರೆ. ಉಳಿದೆಡೆ ಅರಿಶಿನದ ಬೊಟ್ಟು. ಹಳದಿ ಇದ್ದಲ್ಲಿ ಹಿಡಿಯಬಹುದು, ಕಪ್ಪು ಇದ್ದಲ್ಲಿ ಹಿಡಿಯಬಾರದು. ಇಷ್ಟೇ ಅವರ ಶಾಸ್ತ್ರ.

ಹಂಪಿಯ ಸುತ್ತಲ ಬಂಡೆಗಳನ್ನು ಬರಿಗೈಯಲ್ಲಿ ಹತ್ತಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಯಾವ ಬಂಡೆ ಎಲ್ಲಿದೆ, ಎಷ್ಟು ಕಷ್ಟ, ಕೈ ಎಲ್ಲಿಡಬೇಕು ಎಂದು ಹೇಳುವ ಕೈಪಿಡಿಗಳೂ ಇವೆ. ಮನೆಯ ಅಟ್ಟದ ಏಣಿಯೇ ಹಿಮಾಲಯವಾಗಿರುವ ನನಗೆ ಈ ಜನರ ಹುಚ್ಚು ಅರ್ಥವಾಗುವುದಿಲ್ಲ. ಜಂಬಕ್ಕನಿಗೂ ಆಗುವುದಿಲ್ಲವಂತೆ. "ನಮ್ಮಪ್ಪ ಒಡ್ಯಾಕಂತ ಕಲ್ಲು ಹತ್ತತಿದ್ದ. ಇವರು ಬರೇ ಇಳ್ಯಾಕಂತ ಹತ್ತತಾರ" ಎಂದು ನಗುತ್ತಾರೆ.

ಜಂಬಕ್ಕನಿಗೆ ಐವತ್ನಾಲ್ಕು. ಕಲ್ಲು ಒಡೆಯುವವರ ಮನೆಯಲ್ಲಿ ಹುಟ್ಟಿದವರು. ಬಂಡೆಯ ದನಿ ಕೇಳಿ ಅದರ ಹೊಟ್ಟೆಯೊಳಗಿನ ಸಂಗತಿ ಹೇಳುವುದನ್ನು ಅಪ್ಪ ಕಲಿಸಿದರು. ಮದುವೆಯಾದ ಮೇಲೆ ಕುರೆಕುಪ್ಪ ಕಡೆಯ ಒಂದು ಕ್ರಷರಿನಲ್ಲಿ ಒಂಬತ್ತು ವರ್ಷ ಜಲ್ಲಿ ಹೊತ್ತರು. ಎದೆ ಕಟ್ಟತೊಡಗಿದಾಗ ಅದನ್ನು ಬಿಟ್ಟು ಇಲ್ಲಿ ರಸ್ತೆ ಪಕ್ಕ ಚಹಾದಂಗಡಿ ಹಾಕಿದರು. ಒಮ್ಮೆ ಗಿರಾಕಿಯೊಬ್ಬ ಒಂದು ಕೈಪಿಡಿ ಮರೆತು ಹೋದ. ಇಂಗ್ಲಿಷ್ ಅಕ್ಷರ ಒಂದೂ ಬಾರದ ಜಂಬಕ್ಕ ಚಿತ್ರ ನೋಡಿಯೇ ಬಂಡೆಗಳ ಗುರುತು ಹಿಡಿದರು. ಅವುಗಳಲ್ಲೊಂದು, ಅಪ್ಪ ಟೊಳ್ಳು ಎಂದು ಬಿಟ್ಟುಹೋಗಿದ್ದ ಕಲ್ಲು. ಪುಸ್ತಕದಲ್ಲಿ ಅದಕ್ಕೆ ಮೂರು ನಕ್ಷತ್ರ ಕೊಟ್ಟಿದ್ದರು.

ಅಂದಿನಿಂದ ಇಂದಿನವರೆಗೆ, ಅಂದರೆ ಎಂಟು ವರ್ಷ, ಬೆಳಿಗ್ಗೆ ಐದರಿಂದ ಏಳೂವರೆ ಕಲ್ಲಿನ ಹೊತ್ತು. ಆಮೇಲೆ ಇಡ್ಲಿ, ಚಹಾ. ನಸುಕಿನಲ್ಲೇ ಏಕೆಂದರೆ, ಹೊತ್ತೇರಿದರೆ ಅದಿರು ಲಾರಿಗಳ ಗುಂಯ್‌ಗುಡುವಿಕೆ ಗುಡ್ಡದವರೆಗೂ ಬರುತ್ತದೆ. ಒಂದು ಬಂಡೆಗೆ ನಲವತ್ತೈವತ್ತು ಪೆಟ್ಟು, ದಿನಕ್ಕೆ ಆರೇಳು ಬಂಡೆ. ಅಂಗಡಿಯ ತಗಡಿನ ಟ್ರಂಕಿನಲ್ಲಿ ಹೀಗೆ ಅರಿಶಿನ ಇದ್ದಿಲು ಕಂಡ ಪುಸ್ತಕಗಳು ಆರಿವೆ. ಚಹಾ ಕುಡಿದವರು ಯಾವುದನ್ನಾದರೂ ಒಯ್ದು ಸಂಜೆ ತಂದಿಡಬಹುದು.

ಯಾವುದನ್ನಾದರೂ ಎಂದೆನೆ? ತಪ್ಪು. ಆರಿಸುವವರು ಜಂಬಕ್ಕ. ಯಾವ ಪುಸ್ತಕ ಚೆನ್ನಾಗಿದೆ ಎಂದು ಕೇಳಿದರೆ ಅವರು ಪುಸ್ತಕ ತೋರಿಸುವುದಿಲ್ಲ, "ಕೈ ತೋರ್ಸ್ರಿ" ಎನ್ನುತ್ತಾರೆ. ಬೆರಳ ತುದಿ ಗಟ್ಟಿಯಾಗಿದ್ದರೆ ಕಷ್ಟದ ಬಂಡೆಗಳಿರುವ ಬಣ್ಣದ ದಪ್ಪ ಪುಸ್ತಕ. ಮೆತ್ತಗಿದ್ದರೆ ಅಷ್ಟು ಕಷ್ಟವಲ್ಲದವು ಇರುವ ತೆಳ್ಳನೆಯ ಜೆರಾಕ್ಸ್ ಪುಸ್ತಕ. ಮೊನ್ನೆ ಗಡ್ಡದ ವಿದೇಶೀಯನೊಬ್ಬ ದಪ್ಪನೆಯದೇ ಬೇಕೆಂದು ಹಟ ಹಿಡಿದಿದ್ದ. ಅವನ ಅಂಗೈ ನೋಡಿ ತೆಳ್ಳನೆಯದನ್ನೇ ಕೈಗಿಟ್ಟು ಕಳಿಸಿದರು. "ಆಸೆ ಕೇಳಿ ಪುಸ್ತಕ ಕೊಡಬಾರ್ದ್ರಿ. ಅಂಗೈ ಕೇಳಿ ಕೊಡಬೇಕು."

ಎರಡು ವರ್ಷದ ಹಿಂದೆ ಅವರದೇ ಒಂದು ತಪ್ಪಾಯಿತು. ಹಳದಿ ಬೊಟ್ಟಿಟ್ಟಿದ್ದ ಚಕ್ಕೆಯೊಂದು ಕಿತ್ತು ಬಂದು ಒಬ್ಬ ಬಿದ್ದ, ಮಣಿಕಟ್ಟು ಮುರಿಯಿತು. ಜಂಬಕ್ಕ ಮರುದಿನ ಹೋಗಿ ಅದೇ ಬಂಡೆಯನ್ನು ಮತ್ತೆ ಬಡಿದರು. ಎಂದಿನಂತೆ ಎಡಗಿವಿ ಕೊಟ್ಟಾಗ ಟಣ್ ಎಂದಿತು, ಬಲಗಿವಿ ಕೊಟ್ಟಾಗ ಡಬ್ ಎಂದಿತು. ಆಗ ಗೊತ್ತಾಯಿತು, ಕ್ರಷರು ಎದೆಯನ್ನಷ್ಟೇ ಅಲ್ಲ, ಎಡಗಿವಿಯನ್ನೂ ತಿಂದಿದೆ ಎಂದು. "ಅಂವ ಪಟ್ಟಿ ಕಟ್ಕೊಂಡು ಬಂದು ನನ್ನ ಕೈಲೆ ಚಾ ಕುಡುದು ಹೋದ್ರಿ. ಬೈದಿದ್ರ ಚಲೋ ಇತ್ತು" ಎನ್ನುವಾಗ ಅವರ ದನಿ ಸಣ್ಣದಾಗುತ್ತದೆ.

ಈಗ ಬಲಗಿವಿಯೂ ಮಂದವಾಗುತ್ತಿದೆ. ಇದು ಗೊತ್ತಿರುವುದು ಗಂಡ ಎರ್ರಿಯಪ್ಪನಿಗೆ ಮಾತ್ರ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಅವರು, "ಮೊದಲು ಬೈದ್ರ ತಿರುಗಿ ಬೈತಿದ್ಲು. ಈಗ ಬೈದ್ರೂ ನಗತಾಳ. ಹಂಗ ಗೊತ್ತಾತು" ಎಂದು ಹೇಳಿ, ಹೆಂಡತಿಯ ಕಡೆ ನೋಡಿ, ಮಾತು ನಿಲ್ಲಿಸುತ್ತಾರೆ. ಜಂಬಕ್ಕ ನನ್ನ ತೋಳು ಹಿಡಿದು, "ಕಿವಿ ಸುದ್ದಿ ಪೇಪರ್‌ನ್ಯಾಗ ಹಾಕಬ್ಯಾಡ್ರಿ. ಕಿವುಡಿ ಕಡೆ ಯಾರು ಪುಸ್ತಕ ಕೇಳ್ತಾರ?" ಎನ್ನುತ್ತಾರೆ.

ನಾನು ಭೇಟಿಯಾದ ವಾರವೇ ಕಷ್ಟ ಎದುರಿಗೆ ಬಂದಿದೆ. ಕಂಪ್ಲಿಯ ಪ್ರೌಢಶಾಲೆಯೊಂದರ ಪಿ.ಟಿ. ಮಾಸ್ತರು ಮನೋಹರ್ ಭಾನುವಾರ ಹದಿನಾಲ್ಕು ಹುಡುಗಿಯರನ್ನು ಬಂಡೆ ಹತ್ತಿಸಲು ಕರೆತರುತ್ತಿದ್ದಾರೆ. ಮೊದಲ ಸಲ ಹತ್ತುವವರಿಗೆ ಆಗುವ ಬಂಡೆಗಳೆಲ್ಲ ಇರುವುದು ಈ ವರ್ಷ ಬಂದ ಹೊಸ ಕೈಪಿಡಿಯಲ್ಲಿ. ಶನಿವಾರದೊಳಗೆ ಜಂಬಕ್ಕ ಅದನ್ನು ಮುಗಿಸಿಕೊಡಬೇಕು. ಅದರಲ್ಲಿ ತೊಂಬತ್ತಾರು ಬಂಡೆ. ತೊಂಬತ್ತಮೂರಕ್ಕೆ ಗುರುತಾಗಿದೆ. ಮೂರು ಬಂಡೆಗಳ ದನಿ ಮಾತ್ರ ಎಷ್ಟು ಬಡಿದರೂ ಅವರಿಗೆ ತಿಳಿಯುತ್ತಿಲ್ಲ. ಶುಕ್ರವಾರ ನಸುಕಿನಲ್ಲಿ ಅವರು ಕಲ್ಲಿಗೆ ಕೆನ್ನೆ ಹಚ್ಚಿ, ಕಣ್ಣು ಮುಚ್ಚಿ, ಬಡಿದದ್ದನ್ನೇ ಬಡಿಯುತ್ತಾ ನಿಂತಿದ್ದನ್ನು ನೋಡಲಾಗಲಿಲ್ಲ.

"ಮೂರಕ್ಕೂ ಇದ್ದಿಲು ಗೀಟು ಎಳೀರಿ ಅಕ್ಕಾ, ತೀರಿಹೋಯ್ತು. ಯಾರಿಗೂ ಅಪಾಯವಿಲ್ಲ" ಎಂದೆ.

ಅವರಿಗೆ ಸಿಟ್ಟು ಬಂತು. "ಹಂಗ ಹೆಂಗ್ರಿ? ಗಟ್ಟಿ ಕಲ್ಲಿಗೆ ಟೊಳ್ಳು ಅನ್ನಬಾರ್ದು ಅಂತ ನಮ್ಮಪ್ಪ ಹೇಳ್ತಿದ್ದ. ಹಳದಿ ಇಟ್ರ ಹುಡುಗ್ಯಾರ ಕಾಲು ಮುರೀತಾವು, ಕರಿ ಇಟ್ರ ಕಲ್ಲಿನ ಮ್ಯಾಲ ಸುಳ್ಳು ಹೇಳಿದಂಗ. ಹಂಗ ಬಿಟ್ರ, ಮುದುಕಿ ಮರ್ತಾಳ ಅಂತ ಹತ್ತತಾರ."

ಶನಿವಾರ ಬೆಳಿಗ್ಗೆ ಇಡ್ಲಿ ಪಾತ್ರೆ ಇಳಿಸಿ ಕೈ ಒರೆಸಿಕೊಂಡು ಜಂಬಕ್ಕ ಹೊಸ ಕೈಪಿಡಿಯನ್ನು ನನ್ನ ಮುಂದಿಡುತ್ತಾರೆ. "ನಿಮ್ಮ ಪೆನ್ ತಗೀರಿ. ಈ ಮೂರು ಹಾಳಿ ಮ್ಯಾಲ ಬರೀರಿ: ಜಂಬಕ್ಕಗ ಕೇಳಿಸ್ಲಿಲ್ಲ."

"ಕೇಳಿಸಲಿಲ್ಲ ಅಂತಲೇ ಬರೆಯಲಾ?"

"ಹಂಗ ಬರೀರಿ. ಪುಸ್ತಕದಾಗ ಬರದ್ ಮ್ಯಾಲ ಪೇಪರ್‌ನ್ಯಾಗ ಏನು ಮುಚ್ಚಿಡೂದು? ಅದರಾಗೂ ಹಾಕ್ರಿ."

ಇಪ್ಪತ್ತೆರಡು ವರ್ಷದಿಂದ ಬರೆದು ಹೊಟ್ಟೆ ಹೊರೆಯುತ್ತಿರುವವನು ನಾನು. ಎರಡೇ ಪದ ಬರೆಯಲು ಕೈ ಇಷ್ಟು ತಡೆದದ್ದು ಇದೇ ಮೊದಲು.

ಹತ್ತು ಗಂಟೆಗೆ ಮನೋಹರ್ ಬರುತ್ತಾರೆ. ಅವರ ಕೈಯಲ್ಲಿ ಅದೇ ಕೈಪಿಡಿಯ ಇನ್ನೊಂದು ಪ್ರತಿಯಿದೆ. ಜಂಬಕ್ಕನದು ಮುಗಿಯದಿದ್ದರೆ ಇರಲಿ ಎಂದು ಹೊಸಪೇಟೆಯಲ್ಲಿ ಕೊಂಡದ್ದಂತೆ. ಒಂದು ಕಲೆಯೂ ಇಲ್ಲದೆ ಮಿರಿಮಿರಿ ಮಿಂಚುತ್ತಿದೆ. ಚಹಾ ಹೀರುತ್ತಾ ಅವರು ಜಂಬಕ್ಕನ ಪುಸ್ತಕ ತಿರುವುತ್ತಾರೆ. ಮೂರು ಕಡೆ ನಿಲ್ಲುತ್ತಾರೆ. ಜಂಬಕ್ಕ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾರೆ.

"ಅಕ್ಕಾ, ಕಿವಿ...?"

"ಹೌದ್ರಿ ಮಾಸ್ತರ. ಎಡಕ್ಕಿಂದು ಹೋಗೈತಿ. ಬಲಕ್ಕಿಂದು ಹೊಂಟೈತಿ. ನೀವು ಯಾವ ಪುಸ್ತಕ ಬೇಕೋ ಅದನ್ನ ಒಯ್ರಿ. ನನಗೇನು ಬ್ಯಾಸರ ಇಲ್ಲ."

ಮನೋಹರ್ ತಾವು ತಂದ ಪ್ರತಿಯನ್ನು ಟ್ರಂಕಿನ ಮೇಲಿಡುತ್ತಾರೆ. ಅರಿಶಿನ ಇದ್ದಿಲು ಮೆತ್ತಿದ್ದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. "ಗೊತ್ತಿಲ್ಲ ಅಂತ ಹೇಳೋ ಪುಸ್ತಕ ಇದೊಂದ ಐತಕ್ಕ. ಹುಡುಗ್ಯಾರನ್ನ ಇದರ ಮ್ಯಾಲ ನಂಬಿ ಬಿಡ್ತೀನಿ. ಆ ಮೂರು ಕಲ್ಲಿನ ಹಂತ್ಯಾಕ ಹೋಗೂದಿಲ್ಲ."

ಜಂಬಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ, ಒಲೆಯ ಹೊಗೆ ಎನ್ನುತ್ತಾರೆ. ಮಾಸ್ತರು ರಸ್ತೆ ದಾಟುವಷ್ಟರಲ್ಲಿ ಜಂಬಕ್ಕ ಏನೋ ನೆನಪಾಗಿ ಅವರನ್ನು ಕೂಗಿ ಕರೆಯುತ್ತಾರೆ.

"ಮಾಸ್ತರ, ನಿಮ್ಮ ಹುಡುಗ್ಯಾರೊಳಗ ಕಿವಿ ಸೂಕ್ಷ್ಮ ಇದ್ದಾಕಿ ಒಬ್ಬಾಕಿ ಇದ್ರ, ರಜಾದಾಗ ನನ್ನ ಕಡೆ ಕಳಸ್ರಿ. ಕಲ್ಲು ನಾ ಬಡೀತೀನಿ. ಆಕಿ ಕೇಳ್ಲಿ."