ಗೂಡಿನಲ್ಲಿಟ್ಟ ತಾಟು

ಬಾಂಡೆ ಅಂಗಡಿಯಲ್ಲಿ ಸ್ಟೀಲಿನ ಪಾತ್ರೆಗೆ ಹೆಸರು ಹಾಕುವ ಪುಟ್ಟ ಮಷಿನ್ನಿನ ಸದ್ದು ನಿಮಗೂ ಗೊತ್ತಿರಬೇಕು. ತಗಡಿನ ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಕರ್ರೆಂದು ಏರಿ, ಅಕ್ಷರದ ತಿರುವಿನಲ್ಲಿ ಕೊಂಚ ಇಳಿದು, ಮತ್ತೆ ಏರುವ ಸದ್ದು. ಮೊನ್ನೆ ಕಲಬುರಗಿಯ ಬಜಾರಿನಲ್ಲಿ, ಗೆಳತಿಯ ಹೊಸ ಮನೆಗೆಂದು ಡಬ್ಬಿಗಳನ್ನು ಕೊಳ್ಳಲು ನಿಂತಾಗ ಅದು ಕಿವಿಗೆ ಬಿತ್ತು. ಸೇಡಂನ ನಮ್ಮ ಮನೆ ಅಲ್ಲೇ ಎದುರಿಗೆ ಎದ್ದು ನಿಂತಿತು. ಫರಸಿ ಹಾಸಿದ ಪಡಸಾಲೆ, ನೀರು ಹಾಕಿ ಒರೆಸಿದಾಗ ಆ ಕಲ್ಲಿನಿಂದ ಏಳುತ್ತಿದ್ದ ತಣ್ಣನೆಯ ವಾಸನೆ, ತೊಗರಿಬೇಳೆಗೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದ ಕೂಡಲೇ ಓದು ಬಿಟ್ಟು ಒಳಗೋಡುತ್ತಿದ್ದ ನಾವು. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಹಳೆಯ ಮನೆಗಳ ಬಗ್ಗೆ ಬರೆಯುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಕೆಡವಿದ ಗೋಡೆ ಎದುರುತ್ತರ ಕೊಡುವುದಿಲ್ಲ, ಆದ್ದರಿಂದ ಯಾರು ಎಷ್ಟು ಬೇಕಾದರೂ ಹೊಗಳಬಹುದು. ನಾನೂ ಹೊಗಳಬಲ್ಲೆ. ಆ ಮನೆಯನ್ನು ಪ್ರೀತಿಸಿದಷ್ಟು ಬೇರೆ ಯಾವುದನ್ನೂ ನಾನು ಪ್ರೀತಿಸಿಲ್ಲ. ಆದರೆ ನೆನೆದಾಗಲೆಲ್ಲ ಪ್ರೀತಿಯ ಬೆನ್ನಿಗೇ ನಾಚಿಕೆ ಬಂದು ನಿಲ್ಲುತ್ತದೆ. ಎರಡನ್ನೂ ಬಿಡಿಸಿ ಬೇರೆ ಬೇರೆ ಇಡಲು ನನ್ನಿಂದ ಇದುವರೆಗೆ ಆಗಿಲ್ಲ.

ನಾನಾಗ ಏಳನೆಯ ತರಗತಿ. ದಸರೆಯ ರಜೆಯಲ್ಲಿ ನಮ್ಮೂರ ಶಾಲೆಯಲ್ಲಿ ಒಂದು ವಾರದ ಶಿಬಿರ ನಡೆಯಿತು. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ನಮ್ಮ ವಯಸ್ಸಿನ ಮಕ್ಕಳು ಬಂದಿದ್ದರು. ಬೆಳಿಗ್ಗೆ ಗಣಿತ, ವಿಜ್ಞಾನ. ಊಟವಾದ ಮೇಲೆ ಮಣ್ಣಿನ ಗೊಂಬೆ, ನಾಟಕ, ಚರ್ಚೆ. ವಾಡಿಯ ಹುಡುಗನೊಬ್ಬ ಪಾಠದ ನಡುವೆ ದೂರದ ಸೀಟಿ ಕೇಳಿ, ಗೂಡ್ಸೋ ಪ್ಯಾಸೆಂಜರೋ ಹೇಳುತ್ತೇನೆಂದು ಪಂಥ ಕಟ್ಟುತ್ತಿದ್ದ. ಟೆಂಪೋದಲ್ಲಿ ಮಳಖೇಡಕ್ಕೆ ಕರೆದೊಯ್ದು ಕೋಟೆಯ ಚಿತ್ರ ಬಿಡಿಸಿರಿ ಎಂದರೆ ಅರ್ಧ ಮಕ್ಕಳು ಸಿಮೆಂಟ್ ಕಾರ್ಖಾನೆಯ ಚಿಮಣಿ ಬಿಡಿಸಿದರು. ಎತ್ತರ ಕಾಣುವುದು ಅದೇ ತಾನೇ ಎಂಬುದು ಅವರ ವಾದ. ಹುಡುಗರು ಶಾಲೆಯಲ್ಲೇ ಮಲಗಬೇಕು, ಹುಡುಗಿಯರನ್ನು ಊರಿನ ಮನೆಗಳಲ್ಲಿ ಇರಿಸಬೇಕು ಎಂದು ಗೊತ್ತಾಯಿತು. ನಮ್ಮ ಮುತ್ಯಾ, ಅಂದರೆ ನನ್ನ ಅಜ್ಜ, ಎಲ್ಲರಿಗಿಂತ ಮೊದಲು ಕೈ ಎತ್ತಿ, ಎಲ್ಲರಿಗಿಂತ ದೂರದಿಂದ ಬಂದ ಹುಡುಗಿಯನ್ನು ನಮ್ಮ ಮನೆಗೇ ಕೊಡಬೇಕೆಂದು ಕೇಳಿದರು. ಮುತ್ಯಾ ನಿವೃತ್ತ ಹೆಡ್‌ಮಾಸ್ತರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಚನ ಹಾಡುವವರು, ಯಾವ ಸಭೆಗೆ ಕರೆದರೂ ಹೋಗಿ ಮನುಷ್ಯರೆಲ್ಲ ಒಂದೇ ಎಂದು ಕಣ್ಣಲ್ಲಿ ನೀರು ತಂದುಕೊಂಡು ಮಾತನಾಡುವವರು. ಅದು ನಾಟಕವಾಗಿರಲಿಲ್ಲ. ನಂಬಿಯೇ ಹೇಳುತ್ತಿದ್ದರು.

ಹಾಗೆ ನಮ್ಮ ಮನೆಗೆ ಬಂದವಳು ರೇಣುಕಾ. ಚಿಂಚೋಳಿಯಿಂದಲೂ ಆಚೆ, ಅಡವಿಯ ಅಂಚಿನ ಒಂದು ಹಳ್ಳಿಯವಳು. ಬಸ್ಸಿನ ಧೂಳಿಗೆ ಅವಳ ಕೂದಲು ಕೆಂಪಾಗಿತ್ತು. ನನ್ನ ಅಜ್ಜಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದವಳು, ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತ, ಯಾರ ಪೈಕಿಯವಳವ್ವ ನೀನು ಎಂದು ಮೆಲ್ಲಗೆ ಕೇಳಿದಳು. ರೇಣುಕಾ ತನ್ನ ತಾಲೂಕಿನ ಹೆಸರು ಹೇಳುವಷ್ಟೇ ಸಲೀಸಾಗಿ ತನ್ನ ಜಾತಿ ಹೇಳಿದಳು. ಊರ ಹೊರಗಿನ ಓಣಿಯಲ್ಲಿ ತಮ್ಮ ಮನೆ ಎಂದಳು. ಆಯಿಯ ಕೈ ನಿಲ್ಲಲಿಲ್ಲ. ನಿಂತಿದ್ದರೆ ಇವತ್ತು ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು. ಪೂರ್ತಿ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು, ನನ್ನ ರಿಬ್ಬನ್ನೇ ಕಟ್ಟಿ, ಹಣೆಗೆ ಮುತ್ತಿಟ್ಟಳು. ಆಮೇಲೆ ನಮ್ಮ ಕಾಕಾನನ್ನು ಕರೆದು, ಕೂಸಿಗೆ ಉಣ್ಣಲು ಬಜಾರಿನಿಂದ ಒಂದು ಹೊಸ ತಾಟು ತರಲು ಹೇಳಿದಳು.

ನಮ್ಮ ಮನೆಯ ತಾಟುಗಳೆಲ್ಲ ಹಳೆಯವು, ಬೂದಿಯಲ್ಲಿ ತಿಕ್ಕಿ ತಿಕ್ಕಿ ಮಂಕಾದವು, ಒಂದೊಂದರ ಅಂಚಿನಲ್ಲೂ ಮುತ್ಯಾನ ಹೆಸರು. ಅವು ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಇರುತ್ತಿದ್ದವು. ಹೊಸ ತಾಟು ಕನ್ನಡಿಯಂತೆ ಹೊಳೆಯುತ್ತಿತ್ತು, ಅದರ ಮೇಲೆ ಹೆಸರಿರಲಿಲ್ಲ, ಅದರ ಜಾಗ ಬಚ್ಚಲ ಪಕ್ಕದ ಗೋಡೆಯ ಗೂಡು. "ಇದು ನಿಂದವ್ವ. ಉಂಡು, ತೊಳದು, ಈ ಗೂಡಿನ್ಯಾಗ ಇಟ್ಟುಬಿಡು," ಎಂದಳು ಆಯಿ. ಬೇರೆ ಯಾರೂ ತಮ್ಮ ತಾಟು ತಾವು ತೊಳೆಯುತ್ತಿರಲಿಲ್ಲ. ಆದರೆ ರೇಣುಕಾ ಕೂರುತ್ತಿದ್ದದ್ದು ನಮ್ಮದೇ ಸಾಲಿನಲ್ಲಿ, ನನ್ನ ಮಗ್ಗುಲಲ್ಲಿ. ಅವಳ ರೊಟ್ಟಿಯ ಮೇಲಿನ ಬೆಣ್ಣೆಯ ಮುದ್ದೆ ನನ್ನದಕ್ಕಿಂತ ದೊಡ್ಡದು ಎಂದು ನಾನು ಜಗಳ ತೆಗೆದದ್ದೂ ಉಂಟು. ಪ್ರತಿವಾದಿಯ ಬಲವಾದ ಮಾತನ್ನು ಮೊದಲು ನೀನೇ ಹೇಳಬೇಕು ಎಂದು ನಮಗೆ ಚರ್ಚೆ ಕಲಿಸಿದ ಸರ್ ಹೇಳುತ್ತಿದ್ದರು. ಹೇಳುತ್ತೇನೆ: ಆ ಪ್ರೀತಿ ನಿಜವಾಗಿತ್ತು. ಬೆಣ್ಣೆ ನಿಜ, ಜಡೆ ನಿಜ, ಮುತ್ತು ನಿಜ. ಗೂಡೂ ನಿಜ.

ಮುತ್ಯಾ ಊಟ ಮುಗಿದ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಅಂಟಿದ ಅಗುಳೆಲ್ಲ ಬಿಡಿಸಿ, ಆ ನೀರನ್ನು ಕುಡಿದುಬಿಡುತ್ತಿದ್ದರು. ಅನ್ನವೆಂದರೆ ಪ್ರಸಾದ, ಒಂದು ಕಾಳೂ ಬಚ್ಚಲಿಗೆ ಹೋಗಬಾರದು ಎಂಬ ಹಿರಿಯರ ನಡೆ. ಮೊಮ್ಮಕ್ಕಳಾದ ನಾವು ಮುಖ ಸಿಂಡರಿಸಿ ಎದ್ದುಹೋಗುತ್ತಿದ್ದೆವು. ರೇಣುಕಾ ಬಂದ ಮರುದಿನವೇ ಅದನ್ನು ನೋಡಿ, ತಾನೂ ನೀರು ಹಾಕಿ, ಬೆರಳಾಡಿಸಿ, ಎರಡೂ ಕೈಯಲ್ಲಿ ತಾಟು ಎತ್ತಿ ಕುಡಿದಳು. ಮುತ್ಯಾನ ಮುಖ ಅರಳಿತು. "ನೋಡ್ರಿ, ನೋಡಿ ಕಲೀರಿ. ನಮ್ಮ ಮನ್ಯಾಗ ಹುಟ್ಟಿದವ್ರಿಗಿ ಬರಲಿಲ್ಲ, ಈ ಕೂಸಿಗಿ ಬಂತು," ಎಂದರು. ಅವಳು ನಾಚುತ್ತ ಎದ್ದು, ತಾಟು ತೊಳೆದು, ಗೂಡಿನಲ್ಲಿಟ್ಟಳು. ಮುತ್ಯಾ ಹೆಮ್ಮೆಯಿಂದ ನೋಡುತ್ತಲೇ ಇದ್ದರು. ಅವರ ಕಣ್ಣಿಗೆ ಗೂಡು ಕಾಣಲಿಲ್ಲ. ನನಗೆ ಕಂಡಿತ್ತೇ ಎಂದರೆ, ಕಂಡಿತ್ತು; ಕೇಳುವಂಥದ್ದು ಎನ್ನಿಸಿರಲಿಲ್ಲ.

ಕೊನೆಯ ದಿನದ ಸಮಾರಂಭದಲ್ಲಿ, ಮನೆಗಳಲ್ಲಿ ಉಳಿದ ಹುಡುಗಿಯರು ಆಯಾ ಮನೆಯ ಬಗ್ಗೆ ಎರಡು ಮಾತು ಆಡಬೇಕಿತ್ತು. ರೇಣುಕಾ ಎಂದೂ ವೇದಿಕೆ ಹತ್ತಿದವಳಲ್ಲ. ಚರ್ಚೆಯಲ್ಲಿ ಆಗಷ್ಟೇ ಮೊದಲ ಬಹುಮಾನ ಹೊಡೆದಿದ್ದ ನಾನು ಹಿಂದಿನ ರಾತ್ರಿ ಅವಳಿಗೆ ಗುರುವಾದೆ. ನನ್ನ ವಿಷಯ ಮನುಷ್ಯನನ್ನು ರೂಪಿಸುವುದು ಮನೆಯೋ ಶಾಲೆಯೋ ಎಂಬುದಾಗಿತ್ತು, ನಾನು ಮನೆಯ ಪರ ವಾದಿಸಿ ಗೆದ್ದಿದ್ದೆ.

"ಮನಿಯವ್ರು ಭಾಳ ಚಲೋ ಅದಾರ ಅಂತೀನಿ," ಎಂದಳು.

"ಹಂಗಂದ್ರ ಯಾರೂ ನಂಬಂಗಿಲ್ಲ. ಒಂದು ಪುರಾವೆ ಕೊಡು. ಕಣ್ಣಿಗಿ ಕಾಣೂವಂಥದ್ದು."

ಅವಳು ತುಸು ಯೋಚಿಸಿ ನಕ್ಕಳು. "ಅದ. ಈಗ ಹೇಳಂಗಿಲ್ಲ, ನಾಳಿ ಕೇಳು."

ಮರುದಿನ ಮುತ್ಯಾ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ ತೊಟ್ಟು ಕುಳಿತಿದ್ದರು. ರೇಣುಕಾ ಮೈಕಿನ ಮುಂದೆ ನಿಂತು ಮೊದಲು ತಡವರಿಸಿದಳು, ಆಮೇಲೆ ನನ್ನನ್ನು ಹುಡುಕಿ ನೋಡಿ ಗಟ್ಟಿಯಾಗಿ ಹೇಳಿದಳು: "ಉಳಿದವ್ರೆಲ್ಲ ಹಳೀ ತಾಟಿನ್ಯಾಗ ಉಂಡಾರ. ನನಗ ಇವ್ರು ಹೊಸಾ ತಾಟು ತಂದ್ರು. ಆ ತಾಟಿನ್ಯಾಗ ನಾ ಬಿಟ್ರ ಬ್ಯಾರೆ ಯಾರೂ ಉಂಡಿಲ್ಲ. ಅದನ್ನ ಇಡಾಕ ಬ್ಯಾರೆ ಗೂಡೇ ಕೊಟ್ಟಾರ. ನಮ್ಮವ್ವಗ ಹೇಳಿದ್ರ ನಂಬಂಗಿಲ್ಲ."

ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ದೊಡ್ಡವರ ಕೈಗಳು ಒಂದು ಗಳಿಗೆ ತಡವಾಗಿ ಮೇಲೆದ್ದವು. ನನ್ನ ಹಿಂದೆ ಕುಳಿತ ಯಾರೋ ಪಕ್ಕದವರಿಗೆ, "ಮಾಸ್ತರ ಮನ್ಯಾಗ ಬ್ಯಾರೆ ಗೂಡು ಅದ ನೋಡ್ರಿ," ಎಂದು ನಕ್ಕರು. ಆ ನಗುವಿನಲ್ಲಿ ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಮುತ್ಯಾ ಕನ್ನಡಕ ತೆಗೆದು ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು. ಮುಂದೆ ಮೂರು ಹುಡುಗಿಯರು ಮಾತನಾಡಿ ಮುಗಿಸಿದರೂ ಅದನ್ನು ಮತ್ತೆ ಕಣ್ಣಿಗೆ ಹಾಕಿಕೊಳ್ಳಲಿಲ್ಲ.

ಮುತ್ಯಾ ಮನೆಗೆ ಬಂದವರೇ ಗೂಡಿನಿಂದ ತಾಟು ತೆಗೆದುಕೊಂಡು ಹೊರನಡೆದರು. ಟೋಪಿ ಇಲ್ಲದೆ ಮುತ್ಯಾ ಬೀದಿಗಿಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಭಯವಾಗಿ ಹಿಂದೆಯೇ ಹೋದೆ. ಬಜಾರಿನ ಬಾಂಡೆ ಅಂಗಡಿಯ ಮುಂದೆ ನಿಂತು, ಉಳಿದ ತಾಟುಗಳ ಮೇಲಿದ್ದಂತೆಯೇ ತಮ್ಮ ಹೆಸರನ್ನು ಅದರ ಮೇಲೂ ಹಾಕಲು ಹೇಳಿದರು. ಮಷಿನ್ನು ಕರ್ರೆಂದಿತು. ಹೊಳೆಯುವ ಸ್ಟೀಲಿನ ಅಂಚಿನಲ್ಲಿ ಅಕ್ಷರ ಮೂಡುವುದನ್ನು ಅವರು ಬಾಗಿ ನೋಡಿದರು. ಅವರ ಲೆಕ್ಕ ಸರಳವಾಗಿತ್ತು: ಈಗ ಇದೂ ಮನೆಯ ತಾಟು, ಇದರಲ್ಲಿ ಉಣ್ಣುವವಳೂ ಮನೆಯವಳು. ಮನೆಗೆ ಬಂದು ಸ್ಟ್ಯಾಂಡಿನಲ್ಲಿ, ಉಳಿದ ತಾಟುಗಳ ನಡುವೆ ಅದನ್ನು ತಾವೇ ಸೇರಿಸಿದರು. ಆಯಿ ನೋಡಿ, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಊಟದ ಹೊತ್ತಿಗೆ ರೇಣುಕಾ ರೂಢಿಯಂತೆ ಗೂಡಿನ ಹತ್ತಿರ ಹೋದಳು. ಬರಿದಾಗಿತ್ತು. ಹುಡುಕುತ್ತ ಸ್ಟ್ಯಾಂಡಿನಲ್ಲಿ ಅದರ ಹೊಳಪನ್ನು ಗುರುತು ಹಿಡಿದು ಹೊರಗೆಳೆದಳು, ಅಂಚಿನ ಮೇಲೆ ಬೆರಳಾಡಿಸಿ ಓದಿದಳು. ಅವಳ ಮುಖ ಸಣ್ಣದಾಯಿತು.

"ಮುತ್ಯಾ, ಇದರ ಮ್ಯಾಲ ನಿಮ್ಮ ಹೆಸರು ಹಾಕೀರಿ," ಎಂದಳು. ಆಮೇಲೆ, ದೂರುವ ದನಿಯಲ್ಲಲ್ಲ, ತನ್ನದೇ ತಪ್ಪು ಎಂಬಂತೆ ಹೇಳಿದಳು: "ನಾ ನಂದು ಅಂತ ತಿಳಕೊಂಡಿದ್ದೆರಿ."

ಮುತ್ಯಾ ಬಾಯಿ ತೆರೆದರು. ವಿವರಿಸಬೇಕೆಂದರೆ ಆ ತಾಟು ಮೊದಲು ಏನಾಗಿತ್ತು ಎಂಬುದನ್ನು ಆ ಮಗುವಿನ ಮುಂದೆ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಸಭೆಗಳಲ್ಲಿ ತಾಸುಗಟ್ಟಲೆ ಮಾತನಾಡುತ್ತಿದ್ದ ಮನುಷ್ಯ ತಮ್ಮ ತಾಟಿನತ್ತ ಬಾಗಿ ರೊಟ್ಟಿ ಮುರಿಯತೊಡಗಿದರು. "ಉಣ್ಣವ್ವ, ಬಸ್ಸಿಗಿ ಹೊತ್ತಾಗ್ತದ," ಎಂದಳು ಆಯಿ. ರೇಣುಕಾ ಉಂಡಳು. ನೀರು ಹಾಕಿ ಕುಡಿದಳು. ತಾಟು ತೊಳೆದಳು, ಒಂದು ಗಳಿಗೆ ಎಲ್ಲಿಡಬೇಕೆಂದು ಅತ್ತ ಇತ್ತ ನೋಡಿದಳು, ಕೊನೆಗೆ ಗೂಡಿನಲ್ಲೇ ಇಟ್ಟಳು. ಶೇಂಗಾ ಹೋಳಿಗೆಯ ಗಂಟು ಹಿಡಿದು, ಎಲ್ಲರ ಕಾಲು ಮುಟ್ಟಿ, ಚಿಂಚೋಳಿ ಬಸ್ಸು ಹತ್ತಿದಳು. ಮತ್ತೆ ನಾನವಳನ್ನು ನೋಡಿಲ್ಲ.

ಅವಳಿಗೆ ಗೊತ್ತಿತ್ತೇ? ಈ ವಿಷಯದ ಎರಡೂ ಕಡೆ ನಿಂತು ನಾನು ನನ್ನೊಂದಿಗೇ ಎಷ್ಟೋ ಸಲ ವಾದಿಸಿದ್ದೇನೆ. ಅಂಥ ಓಣಿಯಲ್ಲಿ ಬೆಳೆದ ಹುಡುಗಿಗೆ ಬೇರೆ ತಾಟಿನ ಅರ್ಥ ನಮಗಿಂತ ಮೊದಲೇ ತಿಳಿದಿರುತ್ತದೆ ಎನ್ನುತ್ತದೆ ಒಂದು ಪಕ್ಷ. ಪುರಾವೆ ಇದೆ ಎಂದಾಗಿನ ಅವಳ ನಗು, ಆ ಸಣ್ಣಗಾದ ಮುಖ ಸುಳ್ಳಾಗಲು ಸಾಧ್ಯವಿಲ್ಲ ಎನ್ನುತ್ತದೆ ಇನ್ನೊಂದು. ಯಾವ ಪಕ್ಷ ಗೆದ್ದರೂ ಸೋಲುವುದು ನಮ್ಮ ಮನೆಯೇ. ಮುತ್ಯಾ ಆಮೇಲೂ ಬಹಳ ವರ್ಷ ಬದುಕಿದರು, ಬೆಳಿಗ್ಗೆ ವಚನ ಹಾಡಿದರು, ಆದರೆ ಯಾರು ಕರೆದರೂ ಸಭೆಗೆ ಹೋಗಲಿಲ್ಲ; ಗಂಟಲು ಸರಿ ಇಲ್ಲ ಎನ್ನುತ್ತಿದ್ದರು. ತಾಟು ಗೂಡಿನಲ್ಲೇ ಉಳಿಯಿತು. ಆಯಿ ಅದನ್ನು ಹಬ್ಬಕ್ಕೊಮ್ಮೆ ತೊಳೆದು ಅಲ್ಲೇ ಇಡುತ್ತಿದ್ದಳು. ಅದನ್ನು ಸ್ಟ್ಯಾಂಡಿಗೆ ಸೇರಿಸಲು ಯಾರಿಗೂ ಕೈ ಬರಲಿಲ್ಲ, ಎಸೆಯಲೂ ಬರಲಿಲ್ಲ. ಇಬ್ಬರೂ ಹೋದ ಮೇಲೆ, ಮನೆ ಮಾರಿ, ಸೋದರತ್ತೆಯರು ಪಾತ್ರೆ ಹಂಚಿಕೊಂಡ ದಿನ ಅದೊಂದು ಯಾರ ಪಾಲಿಗೂ ಬರದೆ ಗೂಡಿನಲ್ಲೇ ಇತ್ತು. ಮರುದಿನ ಗೋಡೆ ಬೀಳುವುದಿತ್ತು. ನಾನು ಎತ್ತಿಕೊಂಡು ಬಂದೆ.

ಆ ಮನೆಯಿಂದ ನನಗೆ ಉಳಿದಿರುವುದು ಅದೊಂದೇ. ಉಳಿದ ತಾಟುಗಳ ಮೇಲೆ ಸವೆದುಹೋಗಿದ್ದ ಮುತ್ಯಾನ ಹೆಸರು ಇದರ ಮೇಲೆ ಮಾತ್ರ ಇನ್ನೂ ಹೊಸದಾಗಿದೆ. ನಾನು ದಿನಾ ಅದರಲ್ಲೇ ಉಣ್ಣುತ್ತೇನೆ. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಗೊತ್ತು. ನೀರು ಹಾಕಿ, ಬೆರಳಾಡಿಸಿ ಕುಡಿಯುತ್ತೇನೆ. ನಂಬಿಕೆಯಿಂದಲ್ಲ, ಅದನ್ನು ಕಲಿತ ಹುಡುಗಿಯ ಎರಡು ಕೈಗಳು ನೆನಪಾಗುತ್ತವೆ ಎಂದು. ನನ್ನ ಬಾಡಿಗೆ ಕೋಣೆಯ ಗೋಡೆಗಳಲ್ಲಿ ಗೂಡಿಲ್ಲ, ಪಾತ್ರೆ ಇಡಲು ಇರುವುದು ಒಂದೇ ಸ್ಟ್ಯಾಂಡು. ಆದರೂ ತೊಳೆದ ತಾಟನ್ನು ಹಿಡಿದು, ಎಲ್ಲಿಡಬೇಕೆಂದು ತಿಳಿಯದವಳಂತೆ, ಒಂದು ಗಳಿಗೆ ನಿಲ್ಲುತ್ತೇನೆ.