ಗೋದಾವರಿ ಬೋಟು ಹತ್ತಿದ ಮಧ್ಯಾಹ್ನ

ಗೋದಾವರಿಗೆ ದೇವರು ಮೂಗು ಕೊಟ್ಟದ್ದು ಉಸಿರಾಡುವುದಕ್ಕಲ್ಲ, ಮೂಸಿ ನೋಡುವುದಕ್ಕೆ ಎಂದು ಶಿರೂರಿನ ಕಡಲ ದಂಡೆಯಲ್ಲಿ ಒಂದು ಮಾತಿದೆ. ಬೈಂದೂರು ಪೇಟೆಯಲ್ಲಿ ಮೀನು ಮಾರಿ ಪಳಗಿದ ಮೂಗು ಅದು. ಕಿವಿರು ಎತ್ತಿ ನೋಡದೆ ಅವಳು ಒಂದು ಬಂಗಡೆಯನ್ನೂ ಬುಟ್ಟಿಗೆ ಹಾಕಿಕೊಂಡವಳಲ್ಲ. ಕಿವಿರು ಕೆಂಪಗಿದ್ದರೆ ಬೇರೆಯವರು ಸಮಾಧಾನಪಡುತ್ತಾರೆ. ಇವಳು ಬಣ್ಣ ಗಿಣ್ಣ ಹಚ್ಚಿದ್ದಾರೋ ಎಂದು ಬೆರಳಿನಿಂದ ಉಜ್ಜಿ ನೋಡುವವಳು. ಬಸ್ಸಿನ ಕಂಡಕ್ಟರ್ ನಗುನಗುತ್ತಾ ಮಾತಾಡಿಸಿದರೆ ಚಿಲ್ಲರೆ ಕೊಡುವುದಿಲ್ಲ ಎಂದೇ ಅರ್ಥ. ನೆಂಟರು ಹೇಳದೆ ಕೇಳದೆ ಬಂದರೆ ಏನೋ ಕೇಳಲು ಬಂದಿದ್ದಾರೆ, ಹೇಳಿ ಬಂದರೆ ಏನೋ ಮುಚ್ಚಿಡಲು ಬಂದಿದ್ದಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಅವಳ ಗಂಡ ಶೇಖರನೇ ನಗುತ್ತಿದ್ದ. ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಗೋದಾವರಿಯ ಬುಟ್ಟಿಯಿಂದ ಹಳಸಿದ ಮೀನು ಮನೆಗೆ ಒಯ್ದೆ ಎಂದವರು ಬೈಂದೂರಿನಲ್ಲಿ ಒಬ್ಬರೂ ಸಿಗುವುದಿಲ್ಲ.

ಶೇಖರ ಎದೆನೋವೆಂದು ಮಲಗಿದವನು ಏಳಲಿಲ್ಲ. ಉಳಿದದ್ದು ಜಲದುರ್ಗಾ ಎಂಬ ಅವನ ಬೋಟು. ಅದು ಗೋದಾವರಿಯ ಹೆಸರಿಗೆ ಬಂತು. ಬೋಟು ನಡೆಸುವ ತಾಂಡೇಲ ಮಾತ್ರ ಶೇಖರನ ತಮ್ಮ ವೈಕುಂಠ. ಅಣ್ಣನ ಜೊತೆ ಮೀಸೆ ಚಿಗುರುವ ಮೊದಲೇ ಕಡಲಿಗೆ ಇಳಿದವನು. ಆ ಬೋಟಿನ ಚುಕ್ಕಾಣಿ ಬಿಟ್ಟರೆ ಅವನಿಗೆ ಬೇರೆ ಬದುಕಿಲ್ಲ. ಕೆಲಸಗಾರ, ಕುಡಿಯುವವನಲ್ಲ, ಎಲ್ಲವೂ ಸರಿ. ಆದರೆ ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ಗೋದಾವರಿಗೆ ಮೊದಲಿನಿಂದಲೂ ಆಗದು. ಬಾಯಿ ತೆರೆಯದ ಮೀನಿನ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು?

ಇದರ ಮೇಲೆ ಇನ್ನೊಂದು ತೊಡಕು. ಆ ಮನೆಯ ಹೆಂಗಸರು ಬೋಟು ಹತ್ತುವ ಹಾಗಿರಲಿಲ್ಲ. ಅತ್ತೆ ಸೀತು ಕಟ್ಟಿದ ಕಟ್ಟಳೆ ಅದು. ಊರಿನ ಬೇರೆ ಬೋಟುಗಳಲ್ಲಿ ಹೆಣ್ಣುಮಕ್ಕಳು ಪೂಜೆಯ ದಿನ ಹತ್ತಿ ಫೋಟೋ ತೆಗೆಸಿಕೊಳ್ಳುವ ಕಾಲ ಬಂದರೂ ಸೀತುವಿನ ಮನೆಯ ಬೋಟಿಗೆ ಹೆಣ್ಣಿನ ಕಾಲು ಬಿದ್ದದ್ದಿಲ್ಲ. ಬಿದ್ದರೆ ಬಲೆಗೆ ಮೀನು ಬೀಳದು ಎಂದು ಅತ್ತೆ ಸಾಯುವ ತನಕ ಹೇಳಿದ್ದಳು. ಹಾಗಾಗಿ ಗೋದಾವರಿ ತನ್ನದೇ ಬೋಟಿನ ಇಂಜಿನನ್ನು ಕಣ್ಣಾರೆ ಕಂಡವಳಲ್ಲ. ಬೋಟು ಕಟ್ಟುವ ದಕ್ಕೆಯ ಮೇಲೆ ನಿಂತು ಅದರ ಸದ್ದು ಕೇಳುವುದು, ಹೊಗೆ ಮೂಸುವುದು, ಇಷ್ಟೇ ಅವಳ ಯಜಮಾನಿಕೆ.

ಮಳೆಗಾಲದಲ್ಲಿ ಇಂಜಿನಿನ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟನ್ನು ದಡಕ್ಕೆಳೆದು, ಮೇಲೆ ತೆಂಗಿನ ಮಡಲಿನ ಮಾಡು ಕಟ್ಟಿ ಮಲಗಿಸುತ್ತಾರೆ. ದಡಕ್ಕೆ ಎಳೆಯುವ ಮೊದಲು ಇಂಜಿನು ಬಿಸಿಯಾಗಿರುವಾಗಲೇ ಹಳೆಯ ಆಯಿಲನ್ನು ಕೈಪಂಪಿನಿಂದ ಎಳೆದು ತೆಗೆಯುವುದು, ಕಡಲಿಗೆ ಇಳಿಸುವ ಮುಂಚೆ ಹೊಸದು ತುಂಬುವುದು ವೈಕುಂಠನ ಪದ್ಧತಿ. ತೆಗೆದ ಕಪ್ಪು ಆಯಿಲಿಗೂ ಊರಲ್ಲಿ ಗಿರಾಕಿ. ಕೊಟ್ಟಿಗೆಯ ಕಂಬಕ್ಕೆ ಬಳಿದರೆ ಗೆದ್ದಲು ಹತ್ತಿರ ಸುಳಿಯದು. ಆ ವರ್ಷ ಕಪ್ಪು ಆಯಿಲಿನ ಕ್ಯಾನು ಗೋದಾವರಿಯ ಕಣ್ಣಿಗೆ ಬೀಳಲಿಲ್ಲ. ಎಲ್ಲಿ ಹೋಯಿತು ಎಂಬ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿತು.

ಆ ಮುಳ್ಳನ್ನು ಇನ್ನಷ್ಟು ಒಳಗೆ ತಳ್ಳಿದವನು ಲೀಲಾಧರ. ಅವನೂ ತಾಂಡೇಲನೇ, ಆದರೆ ಆ ವರ್ಷ ಅವನ ಕೈಯಲ್ಲಿ ಬೋಟು ಇರಲಿಲ್ಲ. ಬೈಂದೂರಿನ ಮೀನು ಮಾರ್ಕೆಟಿಗೆ ಬಂದು ಗೋದಾವರಿಯ ಎದುರು ಕುಕ್ಕರಗಾಲಲ್ಲಿ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಎಲ್ಲೋ ದೂರದೂರಿನಲ್ಲಿ ಯಾರೋ ಸುಟ್ಟ ಆಯಿಲನ್ನು ಕಾಯಿಸಿ, ಸೋಸಿ, ಹೊಸ ಡಬ್ಬಿಗೆ ತುಂಬುತ್ತಿದ್ದರು.

"ಹೊಸ ಡಬ್ಬಿಯೊಳ್ಗೆ ಹಳೆ ಆಯಿಲ್ ಬತ್ತಿತ್ ಅಂಬ್ರ್, ಗೋದಾವರಿಯಕ್ಕ. ನಾ ಯಾರ ಹೆಸ್ರೂ ಹೇಳುದಿಲ್ಲೆ. ನಿಮ್ ಬೋಟ್, ನೀವೇ ಕಾಣಿ."

ಹೆಸರು ಹೇಳದೆ ಹೇಳುವ ಕಲೆಯಲ್ಲಿ ಲೀಲಾಧರನನ್ನು ಮೀರಿಸುವವರಿಲ್ಲ. ಅವನು ಎದ್ದು ಹೋದ ಮೇಲೆ ಗೋದಾವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಯಿಲ್ ಕೆಟ್ಟರೆ ಇಂಜಿನು ಹಿಡಿದುಕೊಂಡು ನಿಂತುಬಿಡುತ್ತದೆ ಎಂದು ಶೇಖರ ಹೇಳಿದ್ದು ನೆನಪಿತ್ತು. ನಡುಕಡಲಿನಲ್ಲಿ ಹಿಡಿದುಕೊಂಡರೆ ಬೋಟಿನ ಜೊತೆ ಅದರಲ್ಲಿದ್ದ ಜೀವಗಳೂ ದೇವರ ಪಾಲು. ಬೇಲಿಯೇ ಎದ್ದು ಹೊಲ ಮೇಯುತ್ತಿದೆಯೇ? ಹಾಗಿದ್ದರೆ ಮೈದುನನಾದರೇನು, ಚುಕ್ಕಾಣಿಯನ್ನು ಈ ಸಲ ಲೀಲಾಧರನ ಕೈಗೆ ಕೊಡುವುದೇ ಎಂದು ನಿಶ್ಚಯಿಸಿದಳು. ಲೀಲಾಧರನ ಮೇಲೂ ಅವಳಿಗೆ ಸಂಶಯವಿತ್ತು ಅನ್ನಿ. ಆದರೆ ಅವನು ಬಾಯಿ ಬಿಡುವ ಜಾತಿ. ಬಾಯಿ ಬಿಡುವವನ ಕಿವಿರು ನೋಡುವುದು ಸುಲಭ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಅವಳು ಮಾರ್ಕೆಟಿಗೆ ಹೋಗಿದ್ದ ದಿನವೇ ವೈಕುಂಠ ಬೋಟಿಗೆ ಹೊಸ ಆಯಿಲ್ ತುಂಬಿಸಿ ಮುಗಿಸಿದ್ದ. ಅವತ್ತೇ ಯಾಕೆ ಎಂದು ಕೇಳಿದ್ದಕ್ಕೆ ಮಳೆ ಬಿಟ್ಟಿತ್ತು ಎಂದನಂತೆ. ಮಳೆ ಬಿಟ್ಟದ್ದು ನಿಜ. ಆದರೆ ನಿಜವನ್ನೇ ನೆಪ ಮಾಡಿಕೊಳ್ಳುವವರು ಎಷ್ಟು ಜನರಿಲ್ಲ?

ಮಾರನೆಯ ದಿನ ಗೋದಾವರಿ ಬೈಂದೂರಿನ ದೇವಸ್ಥಾನಕ್ಕೆ ಹೋಗಿ ಬೋಟಿನ ಹೆಸರಿನಲ್ಲಿ ಅಭಿಷೇಕ ಮಾಡಿಸಿದಳು. ಬೋಟು ಇಳಿಸುವ ದಿನ ಪ್ರೋಕ್ಷಣೆ ಮಾಡಿಸಬೇಕೆಂದು ಬಾಟಲಿ ತುಂಬ ತೀರ್ಥ ತಂದಳು. ತೀರ್ಥದಲ್ಲಿ ತುಳಸಿ, ಪಚ್ಚಕರ್ಪೂರ. ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲೇ ಜಲದುರ್ಗಾ ಮಡಲಿನ ಮಾಡಿನ ಕೆಳಗೆ ಮಲಗಿತ್ತು. ಊಟದ ಹೊತ್ತು. ಸುತ್ತ ನರಪಿಳ್ಳೆಯಿಲ್ಲ. ಹಲಗೆಯ ಏಣಿ ಬೋಟಿಗೆ ಒರಗಿಕೊಂಡೇ ಇತ್ತು.

ಅವಳು ನಿಂತಳು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಅದರ ಬೆನ್ನಿಗೇ ಲೀಲಾಧರನ ವಿಡಿಯೋ. ಅತ್ತೆ ಸೋತಳು.

ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. ಇಂಜಿನಿನ ಗುಂಡಿಯ ಹಲಗೆ ಸರಿಸಿ ಒಳಗಿಳಿದಾಗ ಕಂಡದ್ದು ಅವಳೆಣಿಸಿದ್ದಕ್ಕಿಂತ ದೊಡ್ಡದಾದ, ಒರೆಸಿ ಮಿರಿಮಿರಿ ಮಾಡಿಟ್ಟ ಹಸಿರು ಬಣ್ಣದ ಯಂತ್ರ. ಇಷ್ಟು ಚೊಕ್ಕ ಯಾಕೆ ಇಟ್ಟಿದ್ದಾನೆ ಎಂಬುದೇ ಮೊದಲು ಬಂದ ಯೋಚನೆ. ಅಳತೆಯ ಕಡ್ಡಿ ಎಳೆದು ನೋಡಿದರೆ ಆಯಿಲ್ ಜೇನಿನ ಬಣ್ಣದಲ್ಲಿತ್ತು. ಸೋಸಿದರೆ ಯಾವುದೂ ಜೇನಿನ ಬಣ್ಣವೇ. ಇಂಜಿನಿನ ತಲೆಯ ಮೇಲಿದ್ದ, ಆಯಿಲ್ ಹೊಯ್ಯುವ ಬಾಯಿಯ ಮುಚ್ಚಳವನ್ನೂ ತಿರುಗಿಸಿ ತೆಗೆದಳು. ಬೆರಳು ಹಾಕಿದಳು, ಉಜ್ಜಿದಳು, ಮೂಸಿದಳು. ಬಂಗಡೆಗೆ ಪಳಗಿದ ಮೂಗಿಗೆ ಅಲ್ಲಿ ಏನೂ ತಿಳಿಯಲಿಲ್ಲ.

ಆಗಲೇ ಭಯವಾದದ್ದು. ಕಟ್ಟಳೆ ಮುರಿದಾಯಿತು, ಫಲವೂ ಸಿಗಲಿಲ್ಲ. ಈ ಬೋಟಿಗೆ ಏನಾದರೂ ಆದರೆ ತನ್ನ ಕಾಲಿನಿಂದಲೇ ಆದಂತೆ. ಚೀಲದಿಂದ ತೀರ್ಥದ ಬಾಟಲಿ ತೆಗೆದು, "ತಪ್ಪಾಯ್ತ್ ಅಮ್ಮ" ಎನ್ನುತ್ತಾ ಇಂಜಿನಿನ ತಲೆಯ ಮೇಲೆ ಬಾಟಲಿ ಬರಿದಾಗುವಷ್ಟು ಸುರಿದಳು. ಮುಚ್ಚಳ ಆಗಲೂ ಅವಳ ಎಡಗೈಯಲ್ಲಿತ್ತು. ದೂರದಲ್ಲಿ ಯಾರದೋ ಮಾತು ಕೇಳಿತು. ಗಡಿಬಿಡಿಯಲ್ಲಿ ಮುಚ್ಚಳ ತಿರುಗಿಸಿ, ಹಲಗೆ ಎಳೆದು ಇಳಿದು ಬಂದಳು. ತೀರ್ಥ ಎಲ್ಲಿಗೆ ಹೋಯಿತೆಂದು ನೋಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಬೋಟು ಇಳಿಸುವ ದಿನ ದಂಡೆಯಲ್ಲಿ ಜನ ಸೇರಿದ್ದರು. ಕಾಯಿ ಒಡೆದು, ಹಾರ ಹಾಕಿ, ಒಟ್ಟಾಗಿ ಕೂಗು ಹಾಕಿ ಜಲದುರ್ಗಾವನ್ನು ನೀರಿಗೆ ತಳ್ಳಿ ದಕ್ಕೆಗೆ ತಂದು ಕಟ್ಟಿದರು. ಗೋದಾವರಿ ದಕ್ಕೆಯ ಅಂಚಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿದ ಲೀಲಾಧರ, ಅವಳೇ ಬರಹೇಳಿದ್ದಳು. ಅವನನ್ನು ಕಂಡ ಕೂಡಲೇ ಬೋಟಿನ ಆಳುಗಳಾದ ಕಲಾಸಿಗಳಿಗೆಲ್ಲ ವಿಷಯ ತಿಳಿಯಿತು. ವೈಕುಂಠನಿಗೂ ತಿಳಿದಿರಬೇಕು. ಅವನು ಗುಂಡಿಗಿಳಿದು ಇಂಜಿನು ಚಾಲೂ ಮಾಡಿದ.

ಸದ್ದು ಮೊದಲು ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಕಡ್ಡಿ ಎಳೆದು ನೋಡಿದ ವೈಕುಂಠ ಅಲ್ಲೇ ಕೂತುಬಿಟ್ಟ. ಗೋದಾವರಿಗೆ ಅಷ್ಟೇ ಸಾಕಾಯಿತು. ಕಡ್ಡಿಯನ್ನು ಮೇಲಕ್ಕೆ ತರಿಸಿದಳು. ಜೇನಿನ ಬಣ್ಣ ಹೋಗಿ ಆಯಿಲ್ ಬೆಳ್ಳಗೆ ನೊರೆನೊರೆಯಾಗಿತ್ತು.

"ಇದ್ ಆಯಿಲಾ, ಹಾಲ್ ಹಾಕಿದ್ ಚಾಯಾ?" ಎಂದಳು, ದಕ್ಕೆಗೆಲ್ಲ ಕೇಳುವ ಹಾಗೆ. "ನಿನ್ನ ಅಣ್ಣ ಇದ್ದಿರೆ ಹಿಂಗ್ ಮಾಡ್ತಿದ್ಯಾ ವೈಕುಂಠ?"

ಲೀಲಾಧರ ನಾಲಿಗೆ ಲೊಚಗುಟ್ಟಿದ. ನೀರು ಬೆರೆತ ಆಯಿಲಿನಲ್ಲಿ ಇಂಜಿನು ಓಡಿಸಿದರೆ ಕಡಲಲ್ಲಿ ಏನಾಗುತ್ತಿತ್ತು ಎಂದು ಅಕ್ಕಪಕ್ಕದವರಿಗೆ ವಿವರಿಸತೊಡಗಿದ. ವೈಕುಂಠ ಉತ್ತರ ಕೊಡಲಿಲ್ಲ. ಮಾತಾಡದಿದ್ದರೆ ಒಪ್ಪಿಕೊಂಡಂತೆಯೇ ಎಂದು ಗೋದಾವರಿ ಮನಸ್ಸಿನಲ್ಲೇ ತೀರ್ಪು ಬರೆದು ಮುಗಿಸಿದಳು. ಅವನು ಕೈಪಂಪು ಹಚ್ಚಿ ಆ ಬಿಳಿ ಆಯಿಲನ್ನೆಲ್ಲ ಕ್ಯಾನಿಗೆ ಎಳೆದ. ಆಯಿಲ್ ಫಿಲ್ಟರ್ ಬಿಚ್ಚಿ ಹೊಸದು ಕೂರಿಸಿದ. ಆಮೇಲೆ ಹೊಸ ಆಯಿಲ್ ತುಂಬಲು ಇಂಜಿನಿನ ತಲೆಯ ಮುಚ್ಚಳ ತೆಗೆದವನು ಅದನ್ನು ತಿರುಗಿಸಿ ನೋಡಿ ತಡೆದ.

ಮುಚ್ಚಳದ ಒಳಮೈಗೆ ಕಪ್ಪಾದ ಒಂದು ತುಳಸಿ ಎಲೆ ಅಂಟಿಕೊಂಡಿತ್ತು. ಅವನು ಮೂಸಿದ. ಡೀಸೆಲಿನ ನಡುವೆ ಪಚ್ಚಕರ್ಪೂರದ ವಾಸನೆ ಯಾವ ಮೂಗಿಗೂ ತಪ್ಪುವಂಥದ್ದಲ್ಲ. ಬೋಟಿನ ಹೆಸರಿನಲ್ಲಿ ಅಭಿಷೇಕ ಮಾಡಿಸಿದವಳು ಯಾರೆಂದು ಗೊತ್ತಿದ್ದ ಅವನು ತಲೆಯೆತ್ತಿ ಅತ್ತಿಗೆಯನ್ನು ನೋಡಿದ.

ಗೋದಾವರಿಗೆ ಎಲೆಯೂ ಕಂಡಿತು, ನೋಟವೂ ಕಂಡಿತು. ಎಡಗೈಯಲ್ಲಿ ಹಿಡಿದ ಮುಚ್ಚಳ, ಬಲಗೈಯಲ್ಲಿ ಬರಿದಾದ ಬಾಟಲಿ, ಎರಡೂ ಒಮ್ಮೆಗೇ ನೆನಪಾದವು. ಇನ್ನು ಇವನು ಆ ಎಲೆಯನ್ನು ಎತ್ತಿ ತೋರಿಸುತ್ತಾನೆ, ಕಟ್ಟಳೆ ಮುರಿದವಳು ಯಾರೆಂದು ಊರಿಗೆಲ್ಲ ಹೇಳುತ್ತಾನೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ವೈಕುಂಠ ಎಲೆಯನ್ನು ಉಗುರಿನಿಂದ ಎಬ್ಬಿಸಿ ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಆಯಿಲ್ ಹೊಸ್ದೇ," ಎಂದ. "ಮುಚ್ಲ್ ಹಾಕುಕೆ ನಾನೇ ಮರ್ತದ್ದ್. ಮಾಡ್ ಸೋರಿ ಮಳಿ ನೀರ್ ಒಳ್ಗ್ ಹೋಯಿತ್."

ಕಲಾಸಿಗಳು ಮುಖ ಮುಖ ನೋಡಿಕೊಂಡರು. ಮುಚ್ಚಳ ಹಾಕಲು ಮರೆಯುವ ತಾಂಡೇಲನನ್ನು ನಂಬಿ ಯಾರು ಕಡಲಿಗೆ ಹೋಗುತ್ತಾರೆ? ಲೀಲಾಧರ ಆಗಲೇ ಚಪ್ಪಲಿ ಕಳಚಿ ಬೋಟಿಗೆ ಕಾಲಿಡಲು ಅಣಿಯಾಗಿದ್ದ.

ಗೋದಾವರಿಯ ತಲೆ ಹಳೆಯ ಚಾಳಿಯಲ್ಲೇ ಓಡಿತು. ಇವನು ಯಾಕೆ ನನ್ನನ್ನು ಉಳಿಸುತ್ತಿದ್ದಾನೆ? ನಾಳೆ ಏನು ಕೇಳಲಿದ್ದಾನೆ? ಒಳಗೆ ಯಾವ ಲೆಕ್ಕಾಚಾರ? ಹುಡುಕಿದಳು, ಕಿವಿರು ಎತ್ತಿ ನೋಡಿದ ಹಾಗೆ ಅವನ ಮುಖವನ್ನು ನೋಡಿದಳು. ಅವನು ಮುಷ್ಟಿ ಬಿಗಿಹಿಡಿದು, ಒರೆಸುವ ಬಟ್ಟೆಯಿಂದ ಆ ಹಸಿರು ಇಂಜಿನಿನ ಮೈ ಒರೆಸುತ್ತಿದ್ದ. ಬಿಟ್ಟು ಹೋಗುವ ಮನೆಯನ್ನು ಗುಡಿಸಿಡುವವರ ಹಾಗೆ ಒರೆಸುತ್ತಿದ್ದ. ಅಲ್ಲಿ ಲೆಕ್ಕಾಚಾರ ಯಾವುದೂ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಅವಳಿಗೆ ಆದದ್ದಿಲ್ಲ.

ಲೀಲಾಧರನನ್ನು ಮೊಣಕೈಯಿಂದ ಸರಿಸಿ, ಸೀರೆ ಎತ್ತಿ ಕಟ್ಟಿ, ಊರೆಲ್ಲ ನೋಡುತ್ತಿದ್ದ ಹಾಗೇ ಗೋದಾವರಿ ಬೋಟಿಗೆ ಕಾಲಿಟ್ಟಳು. ಯಾರೋ ಮುದುಕ ಅಯ್ಯೋ ಎಂದ.

"ಮುಚ್ಲ್ ತೆಗ್ದದ್ ಅವ ಅಲ್ಲ, ನಾನ್," ಎಂದಳು. "ಕಳ್ಳರಂಗೆ ಹತ್ತಿ ಮೂಸಿ ಕಂಡದ್ದೂ ನಾನೇ, ತೀರ್ಥ ಹೊಯ್ದದ್ದೂ ನಾನೇ. ಅವ ಎಂತದೂ ಮರಿಲಿಲ್ಲೆ."

ಕಲಾಸಿಗಳಲ್ಲಿ ಹಿರಿಯನಾದ ಭೋಜರಾಜ, ತೀರ್ಥ ಇಂಜಿನಿನ ಹೊಟ್ಟೆಯೊಳಗೇ ಹೋದ ಮೇಲೆ ಇನ್ನು ಯಾವ ದೋಷ ಉಳಿದೀತು ಎಂದು ಗೊಣಗಿದ. ಒಬ್ಬ ನಕ್ಕ, ಇನ್ನೊಬ್ಬ ನಕ್ಕ. ಲೀಲಾಧರ ಚಪ್ಪಲಿ ಮೆಟ್ಟಿಕೊಂಡು ಯಾರಿಗೋ ಫೋನು ಮಾಡುವವನ ಹಾಗೆ ಆಚೆ ನಡೆದ.

"ಕಾಲ್ ಹ್ಯಾಂಗೂ ಬಿದ್ದಾಯ್ತ್, ಅತ್ತಿಗೆ," ಎಂದ ವೈಕುಂಠ ಗುಂಡಿಯಿಂದ. "ಇಳ್ದ್ ಬನ್ನಿ. ಹೊಸ ಆಯಿಲ್ ನೀವೇ ಹಾಕಿ."

ಅವಳು ಇಳಿದಳು. ಅವನು ಕೊಟ್ಟ ಡಬ್ಬಿಯ ಸೀಲನ್ನು ಬೆಳಕಿಗೆ ಹಿಡಿದು ನೋಡಿದಳು, ಉಗುರಿನಿಂದ ಕೆರೆದು ಇನ್ನೊಮ್ಮೆ ನೋಡಿದಳು. ಹುಟ್ಟುಗುಣ ಸುಟ್ಟರೂ ಹೋಗದು. ಸುರಿಯುತ್ತಾ ಇರುವಾಗ, ಆ ಕಪ್ಪು ಆಯಿಲ್ ಎಲ್ಲಿ ಹೋಯಿತು ಎಂದೂ ಕೇಳಿಯೇಬಿಟ್ಟಳು. ಅವಳ ಮನೆಯ ಸೌದೆಕೊಟ್ಟಿಗೆಯ ಕಂಬಗಳಿಗೆ ಹಿಂಬದಿಯಿಂದ ತಾನೇ ಬಳಿದದ್ದೆಂದೂ, ಹಿತ್ತಲಿಗೆ ಹೋಗಿ ನೋಡಿದರೆ ಕಾಣುತ್ತದೆಂದೂ ಅವನು ಹೇಳಿದ.

ಆಯಿಲ್ ತುಂಬಿದ ಮೇಲೆ ಮುಚ್ಚಳವನ್ನು ಅವಳೇ ಹಾಕಿ ಬಿಗಿ ಮಾಡಿದಳು. ವೈಕುಂಠ ಇಂಜಿನು ಚಾಲೂ ಮಾಡಲು ಕೈ ಚಾಚಿದವನು ನಿಂತ. ಒಂದು ಕ್ಷಣ ಯೋಚಿಸಿ, ಅವಳು ಹಾಕಿದ ಮುಚ್ಚಳವನ್ನು ತಾನೂ ಒಮ್ಮೆ ತಿರುಗಿಸಿ ನೋಡಿದ.

ಗೋದಾವರಿ ಅದನ್ನು ಕಂಡಳು. ಬೇರೆ ಯಾರಾದರೂ ಆಗಿದ್ದರೆ ಅವಳ ಬಾಯಿಗೆ ಸಿಕ್ಕಿ ಬದುಕುತ್ತಿರಲಿಲ್ಲ. ಅವತ್ತು ಮಾತ್ರ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಅವನು ನೋಡಿ ಮುಗಿಸುವ ತನಕ ಸುಮ್ಮನೆ ನಿಂತಳು.